ಸತ್ತೆಪ್ಪನ ಎರಡು ಕುಟುಂಬ

ಸುಂದರಾಳಿಗೆ ಬೇಕಾಗಿದ್ದದ್ದು ಒಂದೇ. ತನ್ನ ಒಲೆಗೆ ತನ್ನದೇ ಒಂದು ರೇಶನ್ ಕಾರ್ಡು. ಬಂಗಾರ ಕೇಳಿರಲಿಲ್ಲ, ಸೀರೆ ಕೇಳಿರಲಿಲ್ಲ. ಗಂಡ ಸತ್ತೆಪ್ಪ ಕಂಡವರ ಹೊಲದಲ್ಲಿ ಕಬ್ಬು ಕಡಿಯುವ ಆಳು. ಅವನ ಹತ್ತಿರ ಬಂಗಾರ ಕೇಳಿ ಬಾಯಿ ನೋಯಿಸಿಕೊಳ್ಳಬಾರದೆಂದು ಮದುವೆಯಾದ ವಾರದಲ್ಲೇ ಅವಳಿಗೆ ತಿಳಿದುಹೋಗಿತ್ತು.

ಕರೋಶಿಯ ಆ ಮನೆಯಲ್ಲಿ ಅಣ್ಣ ರಾಜಾರಾಮ ಮತ್ತು ತಮ್ಮ ಸತ್ತೆಪ್ಪ ಬೇರೆಯಾಗಿ ಎರಡು ವರ್ಷವಾಗಿತ್ತು. ನಡುಮನೆಯಲ್ಲಿ ಎದೆಯುದ್ದದ ಗೋಡೆ ಎದ್ದು ಅತ್ತ ಒಂದು ಒಲೆ, ಇತ್ತ ಒಂದು ಒಲೆ ಆಗಿದ್ದವು. ಪಾತ್ರೆ ಹಂಚಿಕೆಯಾದವು, ಕೋಳಿ ಹಂಚಿಕೆಯಾದವು. ಅತ್ತೆ ಮಾತ್ರ ತನ್ನನ್ನು ಹಂಚಿಕೊಳ್ಳುವುದಕ್ಕೆ ಬಿಡದೆ ಮಗಳ ಊರಿಗೆ ಹೋಗಿಬಿಟ್ಟಳು. ಹಂಚದೆ ಉಳಿದದ್ದು ರೇಶನ್ ಕಾರ್ಡು. ಅದು ರಾಜಾರಾಮನ ಹೆಸರಿನಲ್ಲಿತ್ತು, ಅವನ ಹೆಂಡತಿ ಲಕ್ಕವ್ವನ ಟ್ರಂಕಿನಲ್ಲಿತ್ತು. ಟ್ರಂಕಿನ ಕೀಲಿ ಲಕ್ಕವ್ವನ ಸೊಂಟದಲ್ಲಿತ್ತು.

ತಿಂಗಳಿಗೊಮ್ಮೆ ಸೊಸೈಟಿಯಿಂದ ಸಕ್ಕರೆ, ಚಿಮಣಿ ಎಣ್ಣೆ ಬಂದಾಗ ಸುಂದರಾ ಬಾಟಲಿ ಹಿಡಿದು ನೆಗೆಣ್ಣಿಯ ಹೊಸ್ತಿಲಲ್ಲಿ ನಿಲ್ಲಬೇಕು. ಲಕ್ಕವ್ವ ಎಣ್ಣೆ ಸುರಿಯುವುದಕ್ಕಿಂತ ಗುಡಿಯ ಪೂಜಾರಿ ತೀರ್ಥ ಕೊಡುವುದೇ ಧಾರಾಳ.

"ಅಕ್ಕಾ, ಬಾಟ್ಲಿ ತುಂಬಿಲ್ಲ."

"ತುಂಬೇತಿ. ಮ್ಯಾಲಿಂದು ಗಾಳಿ. ಗಾಳಿಗೂ ಜಾಗಾ ಬೇಕಲ್ಲ?"

"ಗಾಳಿ ನಿನ್ನ ಚಿಮಣ್ಯಾಗ ಹಾಕ್ಕೋ. ಎಣ್ಣಿ ನನ್ನ ಬಾಟ್ಲ್ಯಾಗ ಹಾಕು."

ಆಮೇಲೆ ಎರಡು ದಿನ ಇಬ್ಬರೂ ಮಾತು ಬಿಡುತ್ತಿದ್ದರು. ಮೂರನೆಯ ದಿನ ಗೋಡೆಯ ಮೇಲಿಂದ ಬೈಯುವುದಕ್ಕಾಗಿ ಮತ್ತೆ ಮಾತು ಆರಂಭವಾಗುತ್ತಿತ್ತು.

ಹೀಗಿದ್ದಾಗ, ಸರಕಾರ ಬಡವರಿಗೆಲ್ಲ ಹಸಿರು ಕಾರ್ಡು ಕೊಡುತ್ತದೆ, ಸಾಹೇಬ ಮನೆಮನೆಗೆ ಬಂದು ಹೆಸರು ಬರೆದುಕೊಳ್ಳುತ್ತಾನೆ ಎಂದು ಡಂಗುರ ಹೊಡೆದರು. ಸಾಹೇಬ ಬಂದ ದಿನವೇ ಸುಂದರಾ ಊರಿನ ಜಮೀನುದಾರ ರಾವಸಾಹೇಬರ ಹೊಲಕ್ಕೆ ಕಸ ಕೀಳಲು ಹೋಗಿದ್ದಳು. ರಾಜಾರಾಮ, ಲಕ್ಕವ್ವ ಇಬ್ಬರೂ ಮನೆಯಲ್ಲಿರಲಿಲ್ಲ. ಕಬ್ಬಿನ ಕೂಳೆ ಕಾಲಿಗೆ ನೆಟ್ಟು ಕುಂಟುತ್ತಿದ್ದ ಸತ್ತೆಪ್ಪನೊಬ್ಬನೇ ಇದ್ದ.

ಸಂಜೆ ಸುಂದರಾ ಬಂದು ನೋಡಿದರೆ ಗಂಡನ ಮುಖ ಕೆಂಪಾಗಿತ್ತು.

"ಸಾಹೇಬ ಬಂದಿದ್ನೇನ್ರಿ?"

"ಬಂದಿದ್ದ. ಮಂಡ್ಯಾ ಕಡಿಯಾಂವಂತ. ನಾಚಿಕಿಲ್ಲದ ಮನಶ್ಯಾ."

"ಯಾಕ, ಏನಂದ?"

ಸತ್ತೆಪ್ಪ ಹೊರಗೆ ಯಾರೂ ಇಲ್ಲವೆಂದು ನೋಡಿಕೊಂಡು ದನಿ ತಗ್ಗಿಸಿದ. "ಬಂದ ಕುಂತಾಂವನ, 'ಈ ಮನೇಲಿ ಎಷ್ಟು ಕುಟುಂಬ ಇದೆ?' ಅಂತ ಕೇಳಿದ."

ಸುಂದರಾ ತಲೆಯ ಮೇಲಿನ ಹುಲ್ಲಿನ ಹೊರೆಯನ್ನು ಅಲ್ಲೇ ಕೆಡವಿದಳು. ಆ ಕಡೆಯ ಮಾತಿನಲ್ಲಿ ಕುಟುಂಬ ಎಂದರೆ ಹೆಂಡತಿ. ಮರಾಠಿಯಿಂದ ಬಂದು ಊರಿನಲ್ಲಿ ಕೂತ ಅರ್ಥ ಅದು. ನಾಲ್ಕು ಮಂದಿಯ ಎದುರು ಹೆಂಡತಿ ಎನ್ನಲು ನಾಚುವ ಗಂಡಸರು 'ನಮ್ಮ ಕುಟುಂಬಕ್ಕ ಜ್ವರ ಬಂದಾವ' ಎನ್ನುತ್ತಾರೆ. ಮಕ್ಕಳುಮರಿ ಎಲ್ಲ ಸೇರಿದರೆ ಅದು ಮನೆಮಂದಿ, ಕುಟುಂಬವಲ್ಲ.

"ನೀವೇನಂದ್ರಿ?"

"ಒಂದ ಅಂದ್ನಿ. ಮತ್ತೇನನ್ಲಿ? ಅಂವ ಒಳಗ ಹಣಕಿ ಹಾಕಿ ಎರಡೂ ಒಲಿ ನೋಡಿದ. 'ಸರಿಯಾಗಿ ಹೇಳಪ್ಪ, ಎರಡು ಕುಟುಂಬ ಅಲ್ವಾ? ಹೆದರಬೇಡ. ಎರಡಿದ್ರೆ ಸರ್ಕಾರ ಎರಡಕ್ಕೂ ಸಕ್ಕರೆ ಕೊಡುತ್ತೆ' ಅಂದ."

"ಸಕ್ಕರಿ ಕೊಡ್ತಾರಂತ?"

"ಸಕ್ಕರಿ, ಅಕ್ಕಿ, ಚಿಮಣಿ ಎಣ್ಣಿ. 'ನಿನಗೇ ಲಾಭ, ಎರಡು ಅಂತ ಬರಕೊಳ್ಳಲಾ?' ಅಂದ. ನನಗ ಸಿಟ್ಟ ಬಂತ ನೋಡು, ಕಾಲ ನೋವಿದ್ರೂ ಎದ್ದ ನಿಂತ್ನಿ. 'ಸಾಹೇಬ್ರ, ನಾ ಮರ್ಯಾದಿ ಮನಶ್ಯಾ ಅದೀನಿ. ನನಗಿರೂದ ಒಂದ. ಅದನ್ನ ಸಂಬಾಳಸೂದ ಸಾಕಾಗೈತಿ' ಅಂದ್ನಿ."

ಕೊನೆಯ ಮಾತು ಸುಂದರಾಳಿಗೆ ಚುಚ್ಚಿತು. ಆದರೂ ಅಷ್ಟು ಸಕ್ಕರೆಗೆ ಆಸೆಪಡದ ಗಂಡ ಎಂದು ಎದೆ ಉಬ್ಬಿತು. ಇಬ್ಬರು ಮಕ್ಕಳಿಗೂ ಕೊಡದೆ ಮಾರಲು ಇಟ್ಟಿದ್ದ ತತ್ತಿಯಲ್ಲಿ ಒಂದನ್ನು ಒಡೆದು ಅವನಿಗೆ ಹುರಿದು ಹಾಕಿದಳು. ಹುರಿಯುವಾಗಲೇ ಅವಳಿಗೆ ಇನ್ನೊಂದು ವಿಷಯ ಹೊಳೆದು ಮೈಯೆಲ್ಲ ಉರಿದುಹೋಯಿತು. ದವಾಖಾನೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ಚಿಕ್ಕ ಕುಟುಂಬ, ಸುಖೀ ಕುಟುಂಬ' ಎಂದು ಬರೆದಿತ್ತು. ಚಿಕ್ಕ ಹೆಂಡತಿ ಸುಖವಾಗಿರುತ್ತಾಳೆ, ಅದು ಯಾರಿಗೆ ಗೊತ್ತಿಲ್ಲ? ಆದರೆ ಸರಕಾರ ಅದನ್ನು ಬಣ್ಣ ಹಚ್ಚಿ ಬರೆಸುವುದು ಏಕೆ ಎಂದು ಅವಳಿಗೆ ಎಷ್ಟೋ ದಿನದಿಂದ ಅರ್ಥವಾಗಿರಲಿಲ್ಲ. ಈಗ ಆಯಿತು. ಮೊದಲು ಗೋಡೆಗೆ ಬರೆದರು, ಈಗ ಸಕ್ಕರೆ ತೋರಿಸುತ್ತಿದ್ದಾರೆ!

ಬೆಳಗಾಗುತ್ತಲೇ ಅವಳು ಸೂಲಗಿತ್ತಿ ದುಂಡವ್ವನ ಮನೆಗೆ ಹೋದಳು. ಊರಿನ ಅರ್ಧ ಮಂದಿ ಈ ಭೂಮಿಗೆ ಬಂದದ್ದು ದುಂಡವ್ವನ ಕೈಯಿಂದಲೇ. ಅವಳ ಗಂಡ ಹತ್ತು ವರ್ಷದ ಹಿಂದೆ ರಾಯಬಾಗದಿಂದ ಇನ್ನೊಬ್ಬಳನ್ನು ಕರೆತಂದು ಅದೇ ಓಣಿಯಲ್ಲಿ ಬೇರೆ ಮನೆ ಮಾಡಿದ್ದ. ಆ ಸಿಟ್ಟು ಬೂದಿಯೊಳಗೆ ಇನ್ನೂ ಕೆಂಡವಾಗಿಯೇ ಇತ್ತು. ಸುಂದರಾ ಹೋಗಿ ಊದಿದಳು.

"ಸಕ್ಕರಿ ಕೊಟ್ಟ ಸವತಿ ತರಸ್ತಾನ?" ದುಂಡವ್ವ ಎದ್ದೇಬಿಟ್ಟಳು. "ಇವತ್ತ ಮಧ್ಯಾನ ಚಾವಡ್ಯಾಗ ಕುಂಡರ್ತಾನಲ್ಲ, ತಪ್ಪ ತಿದ್ದಾಕ? ನಾವ ಹೋಗಿ ತಿದ್ದೂಣು. ಕಸಬರಿಗಿ ತಗೊಂಡ ಬರ್ರೆ ಎಲ್ಲಾರೂ!"

ಸುಂದರಾ ಇಡೀ ಓಣಿಗೆ ಸುದ್ದಿ ಮುಟ್ಟಿಸಿ, ತಾನೂ ಕಸಬರಿಗೆ ಹಿಡಿದು ಹೊರಟಳು. ದಾರಿಯಲ್ಲಿ, ಸಾಹೇಬನ ಪಟ್ಟಿ ನೋಡಿದ್ದ ಸೊಸೈಟಿ ಅಂಗಡಿಯ ಧರಣೇಂದ್ರ ಕರೆದ.

"ಏ ಸುಂದರಾ, ಎರಡ ಒಲಿ ಇದ್ದು ನಿಮ್ಮ ಮನಿಗೆ ಒಂದ ಕಾರ್ಡ ಅಂತ ಬರಸೀರೆಲ್ಲ? ಸಕ್ಕರಿ ಬ್ಯಾಡಾತೇನ?"

"ಹಂತಾ ಸಕ್ಕರಿ ನಮಗ ಬ್ಯಾಡ ಧರಣೇಂದ್ರಣ್ಣಾ!" ಎಂದು ಅವಳು ನಡೆದದ್ದನ್ನೆಲ್ಲ ಹೇಳಿದಳು.

ಧರಣೇಂದ್ರ ಮೊದಲು ಕಣ್ಣು ಬಿಟ್ಟ. ಆಮೇಲೆ ತಕ್ಕಡಿ ಬಿಟ್ಟ. ಅಕ್ಕಿಯ ಚೀಲದ ಮೇಲೆ ಬಿದ್ದು ನಕ್ಕ. ನಕ್ಕು ನಕ್ಕು ಅವನ ಟೊಪ್ಪಿಗೆ ಎಣ್ಣೆಯ ಡಬ್ಬಿಯೊಳಗೆ ಬಿತ್ತು.

"ಹುಚ್ಚಿ, ಅದು ಸರಕಾರದ ಕನ್ನಡ! ಅದರಾಗ ಕುಟುಂಬ ಅಂದ್ರ ಹೆಂಡ್ತಿ ಅಲ್ಲ. ಗಂಡ, ಹೆಂಡ್ತಿ, ಮಕ್ಕಳು, ಎಲ್ಲಾ ಕೂಡಿ ಒಂದ ಒಲಿ. ಎರಡ ಒಲಿ ಅಂದ್ರ ಎರಡ ಕುಟುಂಬ. ಎರಡ ಕುಟುಂಬಕ್ಕ ಎರಡ ಕಾರ್ಡ."

ಸುಂದರಾಳ ಕೈಯಿಂದ ಕಸಬರಿಗೆ ಜಾರಿತು. "ಹಂಗಾರ ದವಾಖಾನಿ ಗ್ವಾಡಿ ಮ್ಯಾಲಿಂದು?"

"ಅದು ಮಕ್ಕಳ ಕಡಿಮಿ ಹಡೀರಿ ಅಂತ."

"ಹಂಗಂತ ಬರದ್ರ ಇವರ ಗಂಟ ಏನ ಹೋಗ್ತಿತ್ತು?" ಎಂದು ಅವಳು ರೇಗಿದಳು. ಆದರೆ ರೇಗುವುದಕ್ಕೂ ಹೊತ್ತಿರಲಿಲ್ಲ. ಸಾಹೇಬ ಸಂಜೆಯ ಬಸ್ಸಿಗೆ ಚಿಕ್ಕೋಡಿಗೆ ಹೋದರೆ ಬರೆದದ್ದೇ ಕಾಯಂ. ಮುಂದೆ ಎಷ್ಟು ವರ್ಷವೋ, ಅದೇ ಹೊಸ್ತಿಲು, ಅದೇ ಬಾಟಲಿ, ಅದೇ ಗಾಳಿ. ಅತ್ತ ದುಂಡವ್ವನ ದಂಡು ಚಾವಡಿಯ ಹಾದಿ ಹಿಡಿದಿತ್ತು. ದಂಡು ಕಟ್ಟಿದವಳೂ ತಾನೇ.

ಮನೆಗೆ ಓಡಿ ಸತ್ತೆಪ್ಪನ ರಟ್ಟೆ ಹಿಡಿದು ಎಬ್ಬಿಸಿದಳು. ಅವನಿಗೆ ತಿಳಿಸಿ ಹೇಳುವಷ್ಟರಲ್ಲಿ ಅವಳ ಗಂಟಲು ಒಣಗಿತು.

"ತಿಳೀತು," ಎಂದ ಸತ್ತೆಪ್ಪ. "ಆದ್ರ ನಾ ಅನ್ನಾಂವಲ್ಲ. ಅಷ್ಟ ಮಂದಿ ಮುಂದ ಎರಡ ಅನ್ಲಿ? ದುಂಡವ್ವ ಕಸಬರಿಗಿ ಹಿಡದ ನಿಂತಾಳ."

"ಅನ್ರಿ. ನಾ ಅದೀನಿ."

"ನೀ ಇರೂದಕ್ಕ ನನಗ ಅಂಜಿಕಿ."

ಕುಂಟುವ ಗಂಡನನ್ನು ಎಳೆದುಕೊಂಡು ಅವಳು ಚಾವಡಿ ಮುಟ್ಟಿದಾಗ ಹೆಂಗಸರು ಕಟ್ಟೆಯನ್ನು ಸುತ್ತುವರಿದಿದ್ದರು. ನಡುವೆ ತೆಳ್ಳಗಿನ ಸಾಹೇಬ ಮೇಜಿನ ಹಿಂದೆ ಕೂತು, ಈ ಊರಿನ ಹೆಂಗಸರು ಸರಕಾರಿ ಕಟ್ಟೆಯನ್ನು ಗುಡಿಸಲು ಬಂದಿದ್ದಾರೆಂದು ತಿಳಿದು ಎಲ್ಲರಿಗೂ ಕೈ ಮುಗಿಯುತ್ತಿದ್ದ. ರಾಜಾರಾಮ, ಲಕ್ಕವ್ವ ಕೂಡ ಗಲಾಟೆ ನೋಡಲು ಬಂದು ಕಂಬದ ಹತ್ತಿರ ನಿಂತಿದ್ದರು.

"ಬಂದ ನೋಡ್ರೆ, ಸುಂದರಾನ ಗಂಡ ಬಂದ!" ದುಂಡವ್ವ ಕೂಗಿದಳು. "ಹೇಳೋ ಸತ್ತೆಪ್ಪಾ, ನಿನ್ನಿ ಹೇಳಿದ್ದನ್ನ ಇನ್ನೊಮ್ಮಿ ಹೇಳು ಇವಂಗ!"

ಸತ್ತೆಪ್ಪ ಹೆಂಡತಿಯ ಮುಖ ನೋಡಿದ. ಅವಳು ಅವನ ಬೆನ್ನಿಗೆ ಒಂದು ತಿವಿದಳು. ಅವನು ಕಣ್ಣು ಮುಚ್ಚಿಕೊಂಡು ಹೇಳಿದ.

"ಸಾಹೇಬ್ರ, ನಿನ್ನಿ ಸುಳ್ಳ ಹೇಳಿದ್ನಿ. ನಮ್ಮ ಮನ್ಯಾಗ ಎರಡ ಕುಟುಂಬ ಅದಾವ್ರಿ."

ದುಂಡವ್ವನ ಬಾಯಿ ತೆರೆದೇ ಉಳಿಯಿತು.

"ನಾನೂ ಅದೇ ಹೇಳಿದ್ದಲ್ವಾ," ಎಂದ ಸಾಹೇಬ ಖುಷಿಯಾಗಿ. "ಒಂದು ನಿಮ್ಮದು. ಇನ್ನೊಂದು ಕುಟುಂಬ ಯಾರದು?"

"ನಮ್ಮ ಅಣ್ಣನದ್ರಿ."

ಇನ್ನು ಹೇಳಬೇಕೆ! ಲಕ್ಕವ್ವ "ಅಯ್ಯಯ್ಯೋ!" ಎಂದು ಸೆರಗು ತಲೆಗೆ ಎಳೆದುಕೊಂಡಳು. ರಾಜಾರಾಮ ಕಂಬ ಬಿಟ್ಟು ಹಾರಿ ಬಂದು ತಮ್ಮನ ಅಂಗಿ ಹಿಡಿದ. "ಮಗನ, ಕೋಳಿ ಹಂಚಕೊಂಡಿ, ಕೊಪ್ಪರಿಗಿ ಹಂಚಕೊಂಡಿ, ಈಗ ಇದಕ್ಕ ಬಂದೆಲ್ಲ!" ದುಂಡವ್ವನ ಕಸಬರಿಗೆ ಮೇಲೆದ್ದಿತು. ಯಾರನ್ನು ಹೊಡೆಯುವುದೆಂದು ತಿಳಿಯದೆ ಮೊದಲು ಮೇಜಿನ ಮೇಲೆ ಬಿತ್ತು. ಸಾಹೇಬ ಮೇಜಿನ ಕೆಳಗೆ ಹೋದ.

ಸುಂದರಾ ಕಟ್ಟೆಯ ಮೇಲೆ ಹತ್ತಿ ಇದ್ದಬದ್ದ ದನಿಯಲ್ಲಿ ಕಿರುಚಿದಳು. "ನಿಂದರ್ರಿ! ಕುಟುಂಬ ಅಂದ್ರ ಒಲಿ! ಹೆಂಡ್ತಿ ಅಲ್ಲ, ಒಲಿ! ಇವರ ಕಡೆ ಒಲಿಗೆ ಕುಟುಂಬ ಅಂತಾರ!"

"ಒಲಿ?" ಎಂದ ರಾಜಾರಾಮ, ಅಂಗಿ ಬಿಡದೆ.

"ಒಲಿ. ನಿಮ್ಮದೊಂದ, ನಮ್ಮದೊಂದ."

"ಹೌದು ಹೌದು, ಒಲೆ," ಎಂದು ಮೇಜಿನ ಕೆಳಗಿನಿಂದ ದನಿ ಬಂತು. "ಒಲೆ ಅಂತಲೇ ಇಟ್ಕೊಳ್ಳಿ."

ರಾಜಾರಾಮ ಅಂಗಿ ಬಿಟ್ಟ. ಸಾಹೇಬ ಮೇಲೆದ್ದು ಬೆವರು ಒರೆಸಿಕೊಂಡು ಒಬ್ಬೊಬ್ಬರನ್ನೇ "ನಿಮಗೆ ಎಷ್ಟು ಒಲೆ?" ಎಂದು ಕೇಳತೊಡಗಿದ. ಈಗ ಊರು ಸರಿಯಾಗಿ ಉತ್ತರ ಕೊಟ್ಟಿತು. ಕಸಬರಿಗೆಗಳು ಕಟ್ಟೆಯ ಮೂಲೆ ಸೇರಿದವು, ಹೆಂಗಸರು ಸಾಲು ನಿಂತರು. ದುಂಡವ್ವ ಮಾತ್ರ ಸಾಲಿನ ಮುಂದೆ ಬಂದು ಕೇಳಿದಳು.

"ನನ್ನ ಗಂಡಗ ಎರಡ ಹೆಂಡ್ರು, ಎರಡ ಒಲಿ. ಎಷ್ಟ ಕಾರ್ಡ?"

"ಎರಡು, ಅಮ್ಮ."

"ಅಂದ್ರ ಸವತಿಗೂ ಸಕ್ಕರಿ?"

ಸಾಹೇಬ ಉತ್ತರ ಹೇಳುವ ಮೊದಲೇ ಮೇಜಿನ ಕೆಳಗಿನ ಜಾಗವನ್ನು ಇನ್ನೊಮ್ಮೆ ನೋಡಿಕೊಂಡ. ಅಷ್ಟರಲ್ಲಿ ಬಸ್ಸಿನ ಹಾರ್ನು ಕೇಳಿತು. ಅವನು ಪುಸ್ತಕ ಕಂಕುಳಿಗೆ ಸಿಕ್ಕಿಸಿ ಓಡಿದ ಓಟವನ್ನು ಕರೋಶಿಯವರು ಇನ್ನೂ ಮರೆತಿಲ್ಲ. ಆದರೆ ಸುಂದರಾಳ ಒಲೆ ಆಗಲೇ ಪುಸ್ತಕ ಸೇರಿತ್ತು.

ಕಾರ್ಡು ದೀಪಾವಳಿಯ ಹೊತ್ತಿಗೆ ಬಂತು. ಹಸಿರು ರಟ್ಟು, ಮೇಲೆ ಸತ್ತೆಪ್ಪನ ಹೆಸರು. ಸುಂದರಾ ಅದನ್ನು ಅರಿವೆಯಲ್ಲಿ ಸುತ್ತಿ, ಹೊರಗೆ ತೆಗೆದು, ಮತ್ತೆ ಸುತ್ತಿ, ಗೋಡೆಯ ಮೇಲಿಂದ ಲಕ್ಕವ್ವನಿಗೆ ಕಾಣುವ ಹಾಗೆ ಇನ್ನೊಮ್ಮೆ ಹೊರಗೆ ತೆಗೆದಳು.

"ನೋಡಿದ್ನೆವಾ," ಎಂದಳು ಲಕ್ಕವ್ವ. "ಇನ್ನ ನಾ ಯಾರ ಕೂಡ ಜಗಳಾಡ್ಲಿ?"

ಸತ್ತೆಪ್ಪ ಕಾರ್ಡನ್ನು ಕೈಗೆ ತೆಗೆದುಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿದ. ಓದುತ್ತಾ ಓದುತ್ತಾ ಅವನ ಮುಖ ಬಿಳಿಚಿತು.

"ಏ, ಇಲ್ಲಿ ನೋಡ. 'ಕುಟುಂಬದ ಸಂಖ್ಯೆ, ನಾಲ್ಕು' ಅಂತ ಬರದಾರ! ದುಂಡವ್ವ ನೋಡಿದ್ರ ನನ್ನ ಜೀವ ಉಳ್ಯೂದಿಲ್ಲ."

ಗಂಡ, ಹೆಂಡತಿ, ಇಬ್ಬರು ಮಕ್ಕಳು ಎಂದು ಸುಂದರಾಳಿಗೆ ಗೊತ್ತಿತ್ತು. ಹೇಳಲಿಲ್ಲ. ಕಾರ್ಡನ್ನು ಕಸಿದುಕೊಂಡು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಇರ್ಲಿ ಬಿಡ್ರಿ. ನಾಲ್ಕರ ಸಕ್ಕರಿ ಬರ್ತೈತಿ. ಉಳದ ಮೂರನ್ನ ನಾ ನೋಡ್ಕೋತೀನಿ."