ಬೆಳಕು ಬಿದ್ದ ಬದಿ

ಮಡಿಸಿದ ಕುರ್ಚಿಗಳನ್ನು ಬಿಡಿಸಿ ಸಾಲಾಗಿ ಇಡುತ್ತಿದ್ದ ಸಂಶೋಧನಾ ವಿದ್ಯಾರ್ಥಿನಿಯನ್ನು ಒಂದೇ ಚಿಂತೆ ಕೊರೆಯುತ್ತಿತ್ತು: ಪ್ರಯೋಗಾಲಯದ ದಾಖಲೆ ಪುಸ್ತಕದಲ್ಲಿ ಆ ದಿನದ ಪುಟವನ್ನು ಯಾರಾದರೂ ತೆಗೆದು ನೋಡಿದರೆ? ಅಲ್ಲಿ ಅವಳ ಅಕ್ಷರದಲ್ಲಿ ಎರಡೇ ಪದ, 'ಸೂಜಿಯ ದೋಷ'. ನಿಜವಾಗಿ ನಡೆದದ್ದು ಅವಳ ದಿನಚರಿಯಲ್ಲಿ ಮಾತ್ರ ಇತ್ತು, ಅದೂ ಪೆನ್ಸಿಲಿನಲ್ಲಿ.

ಕೋಣೆಯ ನಡುವೆ, ಪ್ರಯೋಗಾಲಯಕ್ಕೆ ಲೋಹದ ಸೂಜಿ ಮಾಡಿಕೊಡುತ್ತಿದ್ದ ಸೂಜಿ ಮೇಷ್ಟ್ರ ದೇಹವನ್ನು ಮಲಗಿಸಿದ್ದರು. ಎದೆಯವರೆಗೆ ಬಿಳಿ ಬಟ್ಟೆ. ಎಡಗೈ ಹೊರಗೆ, ಬಲಗೈ ಒಳಗೆ.

"ಆ ಕೈ ಯಾಕಮ್ಮ ಮುಚ್ಚಿದೀಯ?" ಪಕ್ಕದ ಮನೆಯಾಕೆ ಕೇಳಿದಳು.

"ಅಪ್ಪನೇ ಮುಚ್ಚಿಡ್ತಿದ್ರು ಅತ್ತೆ. ಆರು ತಿಂಗಳಿಂದ ಜೇಬಲ್ಲೇ ಇತ್ತು. ಕಾಫಿ ಲೋಟನೂ ಎಡಗೈಲೇ ಹಿಡೀತಿದ್ರು," ಎಂದಳು ಮೇಷ್ಟ್ರ ಮಗಳು.

"ನನ್ನ ಮದುವೇಲಿ ಮೇಷ್ಟ್ರು ನನ್ನ ಮೀಸೆ ನೋಡಿ, 'ತುದಿ ಮೊಂಡಾಗಿದೆ ಕಣೋ, ಬಾ, ಚೂಪು ಮಾಡ್ಕೊಡ್ತೀನಿ' ಅಂದಿದ್ರು," ಎಂದ ಲೇತ್ ಕೆಲಸದವನು. ಒಬ್ಬಿಬ್ಬರು ನಕ್ಕು, ತಕ್ಷಣ ತಲೆ ತಗ್ಗಿಸಿದರು.

"ಅಂಥ ಕೈ ಇನ್ನೊಂದಿರಲಿಲ್ಲ," ಪ್ರಯೋಗಾಲಯದ ಮುಖ್ಯಸ್ಥರಾದ ಪ್ರೊಫೆಸರ್ ನಿಟ್ಟುಸಿರಿಟ್ಟರು. "ಕೊನೆಗೆ ನಡುಗೋಕೆ ಶುರುವಾಯ್ತು, ಪಾಪ."

ಅವಳ ಕೈಯಲ್ಲಿದ್ದ ಕುರ್ಚಿ ಟಪ್ಪೆಂದು ಮಡಚಿಕೊಂಡಿತು.

*

ಲೋಹದ ಚೂರನ್ನು ಕೂದಲಿನ ಸಾವಿರದಲ್ಲೊಂದು ಪಾಲಿನಷ್ಟು ಚೂಪಾಗಿಸುವುದು ಮೇಷ್ಟ್ರ ಕೆಲಸ. ಆ ತುದಿಗೆ ಲೇಸರ್ ತಾಗಿದಂತೆಲ್ಲ ಪರಮಾಣುಗಳು ಒಂದೊಂದಾಗಿ ಕಳಚಿ ಹಾರುತ್ತವೆ. ಯಾವುದು ಎಲ್ಲಿತ್ತೆಂದು ಯಂತ್ರ ಲೆಕ್ಕ ಹಾಕಿ ಚಿತ್ರ ಬಿಡಿಸುತ್ತದೆ. ಬೆಳಕು ಹೆಚ್ಚಿಸಿದರೆ ಕೆಲಸ ಬೇಗ ಸಾಗುತ್ತದೆ, ಆದರೆ ಬೆಳಕು ಬಿದ್ದ ಬದಿ ಬೇಯುತ್ತದೆ.

"ಆತುರ ಬೇಡ ಮಗಳೇ. ಬೆಳಕು ಇಳಿಸು, ಚಿತ್ರ ತಾನಾಗೇ ತಿಳಿಯಾಗುತ್ತೆ," ಎಂದು ಮೇಷ್ಟ್ರು ಆ ವಿದ್ಯಾರ್ಥಿನಿಗೆ ಹೇಳುತ್ತಿದ್ದರು.

ಆರು ತಿಂಗಳ ಹಿಂದೆ, ಆ ದಿನ ಸಂಜೆಯೊಳಗೆ ಫಲಿತಾಂಶ ಬೇಕೆಂದು ಪ್ರೊಫೆಸರ್ ಮೂರು ಸಲ ಫೋನ್ ಮಾಡಿದ್ದರು. ಮೇಷ್ಟ್ರು ಊಟಕ್ಕೆ ಹೋದಾಗ ಅವಳು ಬೆಳಕನ್ನು ಎರಡು ಪಟ್ಟು ಮಾಡಿದಳು. ಹತ್ತು ನಿಮಿಷ ಪರಮಾಣುಗಳು ಸುರಿದವು. ಆಮೇಲೆ ಪರದೆ ಖಾಲಿ. ಮೇಷ್ಟ್ರು ಎರಡು ವಾರ ಕೂತು ಮಾಡಿದ ಸೂಜಿ ಮುರಿದಿತ್ತು.

"ಸೂಜೀಲೇ ಏನೋ ಬಿರುಕಿತ್ತು ಸರ್," ಎಂದು ಊಟ ಮುಗಿಸಿ ಬಂದ ಮೇಷ್ಟ್ರಿಗೆ ಹೇಳಿಬಿಟ್ಟಳು.

ಮೇಷ್ಟ್ರು ಬಲಗೈಯನ್ನು ಮೇಜಿನ ಮೇಲಕ್ಕೆ ಚಾಚಿ ಬೆರಳುಗಳನ್ನೇ ದಿಟ್ಟಿಸಿದರು. "ನಡುಗ್ತಿದೆಯಾ ಮಗಳೇ? ನಿನ್ನ ಕಣ್ಣು ಚುರುಕು, ನೋಡಿ ಹೇಳು."

ಕೈ ಕಲ್ಲಿನಂತೆ ನಿಂತಿತ್ತು. ಅವಳು ನೆಲ ನೋಡಿದಳು. ಮೇಷ್ಟ್ರ ಕೈ ನಡುಗುತ್ತದೆಂದು ಮರುವಾರ ಅವರನ್ನು ಉಗ್ರಾಣದ ಕೆಲಸಕ್ಕೆ ಹಾಕಿದರು.

*

"ಹೊತ್ತಾಯ್ತು, ಎತ್ತೋಣ," ಯಾರೋ ಅಂದರು.

"ಒಂದು ನಿಮಿಷ." ಮೇಷ್ಟ್ರ ಮಗಳು ವಿದ್ಯಾರ್ಥಿನಿಯತ್ತ ತಿರುಗಿದಳು. "ಲ್ಯಾಬಲ್ಲಿ ಅಪ್ಪನ ಜೊತೆ ಇದ್ದೋರು ನೀವೇ ಅಲ್ವಾ? 'ಆ ಹುಡುಗಿ ಮಾತು ಕಡಿಮೆ, ಆದ್ರೆ ಸುಳ್ಳು ಬರಲ್ಲ' ಅಂತಿದ್ರು. ನಿಜ ಹೇಳಿ, ಅಷ್ಟೊಂದು ನಡುಗ್ತಿತ್ತಾ? ಮನೇಲಿ ನಮಗ್ಯಾರಿಗೂ ಕಾಣಲೇ ಇಲ್ಲ."

ಅವಳ ಪ್ರಬಂಧಕ್ಕೆ ಸಹಿ ಹಾಕಬೇಕಾದ ಪ್ರೊಫೆಸರ್ ಎರಡು ಹೆಜ್ಜೆ ಆಚೆ ನಿಂತಿದ್ದರು.

"ಇಲ್ಲ," ಎಂದಳು. ಅದು ಅವಳಿಗೇ ಕೇಳಿಸಲಿಲ್ಲ. ಮತ್ತೆ, ಕೋಣೆಗೆಲ್ಲ ಕೇಳುವಂತೆ: "ನಡುಗ್ತಿರಲಿಲ್ಲ. ಸೂಜಿ ಸರಿಯಾಗೇ ಇತ್ತು. ಬೆಳಕು ಜಾಸ್ತಿ ಮಾಡಿ ಮುರಿದಿದ್ದು ನಾನು."

ಮಗಳು ಬಗ್ಗಿ, ಬಟ್ಟೆ ಸರಿಸಿ, ಅಪ್ಪನ ಬಲಗೈಯನ್ನು ಹೊರಗೆ ತೆಗೆದು ಎದೆಯ ಮೇಲಿಟ್ಟಳು.