ಹಸಿದು ಹೋದ ದೇವರು

ಔರಾದದ ಮನೆಯ ಪಡಸಾಲೆಯಲ್ಲಿ ಗೋಡೆಗೆ ಬಿಳಿ ಚಾದರ ಕಟ್ಟಿ, ಅಮಿತಕುಮಾರ ತಾನು ತೆಗೆದ ಸಿನಿಮಾ ಓಣಿಯವರಿಗೆ ತೋರಿಸುತ್ತಿದ್ದ. ಅವನು ಭಾಲ್ಕಿಯಲ್ಲಿ ಮದುವೆ ವಿಡಿಯೊ ತೆಗೆಯುವವನು. ಕತೆ ಮಾತ್ರ ತಂಗಿ ಪ್ರಣಿತಾಳದು. ಅರ್ಧಕ್ಕೇ ಶಾಲೆ ಬಿಟ್ಟವಳು ಕತೆ ಬರೆದಿದ್ದಾಳೆಂದು ಅಣ್ಣನ ಹೊರತು ಯಾರಿಗೂ ಗೊತ್ತಿರಲಿಲ್ಲ. ಅವಳು ಬಾಗಿಲ ಮರೆಯಲ್ಲಿ ನಿಂತು, ಸಿನಿಮಾ ಬಿಟ್ಟು ಅಜ್ಜಿಯ ಮುಖ ನೋಡುತ್ತಿದ್ದಳು. ಅಜ್ಜಿ ದಾನಮ್ಮ ಲಿಂಗಪೂಜೆಯಾಗದೆ ನೀರು ಸಹ ಮುಟ್ಟದವಳು. ಅವಳು ನೊಂದುಕೊಂಡರೆ ಇನ್ನು ಬರೆಯುವುದೇ ಬೇಡ ಎಂದು ಪ್ರಣಿತಾ ನಿಶ್ಚಯಿಸಿದ್ದಳು.

ಚಾದರದ ಮೇಲೆ ದೇವರು ಬೀದರ ಬಸ್ಸಿನಿಂದ ಇಳಿದ. ಕಿರೀಟ ಸೀಟಿನಲ್ಲೇ ಮರೆತು ಬಸ್ಸಿನ ಹಿಂದೆ ಓಡಿದ. ದೇವರ ವೇಷ ಚಹಾದಂಗಡಿಯ ಹಾವಗೆಪ್ಪನದು. ಗುಡಿಯ ಬಾಗಿಲಲ್ಲಿ ಒಂದು ಎಮ್ಮೆ ಅವನನ್ನು ತಡೆಯಿತು.

"ಆಧಾರ್ ಕಾರ್ಡ್ ತೋರಸ್ರಿ."

"ನಾ ದೇವರು ಇದ್ದೀನ್ರಿ."

"ಇರ್ರಿ, ಬ್ಯಾಡ ಅಂದೋರ್ ಯಾರು. ಅಪ್ಪನ ಹೆಸರೇನ್ರಿ?"

"ಅಪ್ಪ ಇಲ್ರಿ. ಅವ್ವನೂ ಇಲ್ಲ."

"ಹಂಗಾದ್ರ ಬಾಜೂಕ ಸರೀರಿ."

ಓಣಿಯವರೆಲ್ಲ ನಕ್ಕರು. ಅಜ್ಜಿ ನಗಲಿಲ್ಲ. ಸಿನಿಮಾದ ಗುಡಿಯೊಳಗೆ ಕಲ್ಲಿನ ಮೂರ್ತಿಯ ಮುಂದೆ ಹೋಳಿಗೆಯ ರಾಶಿ. ಹೊರಗೆ ದೇವರ ಹೊಟ್ಟೆ ಗುರುಗುಟ್ಟುತ್ತಿತ್ತು. ಅವನು ಇದೇ ಮನೆಯ ಬಾಗಿಲು ಬಡಿದ. ಯಾರೂ ತೆರೆಯಲಿಲ್ಲ. ಆಕಾಶಕ್ಕೆ ಹೋಗುವ ಬಸ್ಸು ಹತ್ತಿ ಹೊರಟೇಬಿಟ್ಟ.

ಅಜ್ಜಿ ಎದ್ದು ಒಳಗೆ ಹೋದಳು. ನಗು ನಿಂತಿತು. ಸ್ವಲ್ಪ ಹೊತ್ತಿಗೆ ಅಜ್ಜಿ ಜೋಳದ ಹಿಟ್ಟು ಮೆತ್ತಿದ ಕೈಯಲ್ಲೇ ಹೊರಬಂದಳು.

"ಇದು ಯಾರು ಬರದಾರ?"

ಪ್ರಣಿತಾ ಬಾಗಿಲ ಮರೆಯಿಂದ ಮುಂದೆ ಬಂದಳು.

"ನಾನೇ, ಆಯಿ," ಅಂದಳು.

"ಎಮ್ಮಿ ಬರೋಬರಿ ಅದ. ಕಾರ್ಡೂ ಬರೋಬರಿ. ಆದ್ರ ನನ್ನ ಬಾಗಲಕ ಬಂದ ಮನಷ್ಯಾ ಹಸದು ಹೋಗ್ತಾನೇನ? ದಾನಮ್ಮನ ಮನ್ಯಾಗ ದಾಸೋಹ ಇಲ್ಲ ಅಂತಾರ ಮಂದಿ."

"ಆಯಿ, ಅಂವಾ ದೇವರು," ಅಮಿತ ಗೊಣಗಿದ.

"ದೇವರಿಗಿ ಹೊಟ್ಟಿ ಇಲ್ಲೇನ? ಮತ್ತ ತಗೀರಿ."

ಎಲ್ಲವನ್ನೂ ಗಮನಿಸುವ ತಾನು ಮನೆಯ ಈ ರೂಢಿಯನ್ನೇ ಬಿಟ್ಟೆನಲ್ಲ ಎಂದು ಪ್ರಣಿತಾಳಿಗೆ ಒಳಗೊಳಗೇ ನಗು ಬಂತು.

ಮರುದಿನ ಮುಂಜಾನೆ ಅಮಿತನ ಕ್ಯಾಮೆರಾದ ಮುಂದೆ ಅದೇ ಬಾಗಿಲು ತೆರೆಯಿತು. ಹೊಸ್ತಿಲಲ್ಲಿ ವಿಭೂತಿ ಹಚ್ಚಿದ ಅಜ್ಜಿ. ದೇವರು ಕಲಿತ ಮಾತು ಆಡಲು ಬಾಯಿ ತೆರೆದ.

"ಮಾತ ಆಮ್ಯಾಲ. ಕೈ ತೊಳೀರಿ."

ಬಿಸಿ ರೊಟ್ಟಿ, ಪುಂಡಿ ಪಲ್ಯ ಬಂದವು. ದೇವರು ತಲೆ ಎತ್ತದೆ ಉಂಡ.

"ಸಾಕು ಹಾವಗೆಪ್ಪ ಕಾಕಾ, ಸೀನ್ ಮುಗೀತು," ಅಂದ ಅಮಿತ.

"ನಿಂದು ಮುಗದದಪಾ. ನಂದು ಇನ್ನ ನಡದದ."

ದೇವರು ತಟ್ಟೆ ಮುಂದೆ ಸರಿಸಿದ. ಅಜ್ಜಿ ಬಾಯ್ತುಂಬ ನಗುತ್ತ ಇನ್ನೊಂದು ರೊಟ್ಟಿ ಹಾಕಿದಳು. ಕ್ಯಾಮೆರಾ ಬಂದ್ ಮಾಡಬೇಡ ಎಂದು ಪ್ರಣಿತಾ ಅಣ್ಣನಿಗೆ ಕಣ್ಣಲ್ಲೇ ಹೇಳಿದಳು.