ಗಾಲಿಗೆ ಹಚ್ಚಿದ ಎಣ್ಣೆ

ಬನವಾಸಿಯಲ್ಲಿ ಚನ್ನಯ್ಯನ ಗಾಡಿ ಬರುವುದು ಯಾರಿಗೂ ಕೇಳಿಸುತ್ತಿರಲಿಲ್ಲ. ಉಳಿದವರ ಗಾಡಿ ಕೆರೆ ಏರಿಯ ಮೇಲಿರುವಾಗಲೇ ಗಾಲಿ ಕೂಗುವುದನ್ನು ಕೇಳಿ ಇದು ಇಂಥವರದು ಎಂದು ಜನ ಹೇಳುತ್ತಿದ್ದರು. ಗಾಲಿ ಕೂಗಿದರೆ ಗಾಡಿ ಹೊಡೆಯುವವನಿಗೆ ಅವಮಾನ. ಕಟ್ಟೆಯ ಮೇಲೆ ಕೂತವರು, 'ಎಣ್ಣಿಗೂ ಗತಿ ಇಲ್ಲೇನೋ ನಿನಗ' ಎಂದು ಹಂಗಿಸಿಯೇ ಬಿಡುವರು. ಚನ್ನಯ್ಯ ಆ ಮಾತು ಕೇಳಿಸಿಕೊಂಡವನಲ್ಲ. ಗಾಲಿ ಜಾರದಂತೆ ತಡೆಯುವ ಕಡಾಣಿ ಕಿತ್ತು, ಗಾಲಿ ಸರಿಸಿ, ಅದು ತಿರುಗುವ ಇರಸಿಗೆ ಕೀಲೆಣ್ಣೆ ಸವರದೆ ಅವನು ಎತ್ತು ಕಟ್ಟಿದ್ದೇ ಇಲ್ಲ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಬೂದಿ ಕಲಸಿ ಮಾಡಿದ ಆ ಕಪ್ಪು ಎಣ್ಣೆಯ ಬಿದಿರಿನ ಗೊಟ್ಟ, ಎತ್ತು ಮಾರಿ ಗಾಡಿ ಬಿಟ್ಟ ಮೇಲೂ ಅವನ ಮನೆಯ ಮಾಡಿನಲ್ಲಿ ತೂಗುತ್ತಿತ್ತು.

ಮಗ ಬಸಪ್ಪ ಗಾಡಿಗೆ ಕೂರಲಿಲ್ಲ. ಶಿರಸಿಯಲ್ಲಿ ಲಾರಿ ಕ್ಲೀನರ್ ಆಗಿ ಕೆಲಸ ಕಲಿತು, ಲೈಸನ್ಸ್ ಮಾಡಿಸಿಕೊಂಡು, ಹೇರೂರಿನ ನಾಗಪತಿ ಹೆಗಡೆಯವರ ಲಾರಿಗೆ ಡ್ರೈವರ್ ಆಗಿದ್ದ. ಬನವಾಸಿಯಿಂದ ಸಿದ್ದಾಪುರದ ಗಿರಣಿಗೆ ಭತ್ತ ಹೇರುವ ದಿನ ಲಾರಿಯನ್ನು ಮನೆಯ ಮುಂದೆಯೇ ತಂದು ನಿಲ್ಲಿಸುತ್ತಿದ್ದ. ಆಗ ಚನ್ನಯ್ಯ ಸುಮ್ಮನೆ ಅದರ ಸುತ್ತ ಒಂದು ಸುತ್ತು ಬಂದು, ನಾಲ್ಕು ಜನ ನೋಡುತ್ತಿದ್ದಾರೆಯೇ ಎಂದು ನೋಡಿ, ಒಳಗೆ ಬರುವನು.

ಆ ದಿನ ಭತ್ತ ತುಂಬಿ ಬಂದ ಲಾರಿ ನಿಂತಾಗ ಎಡಗಡೆಯ ಮುಂದಿನ ಗಾಲಿಯ ಗಾಳಿ ಇಳಿದಿತ್ತು. ಬಸಪ್ಪ ಸೀಟಿನ ಅಡಿಯಿಂದ ಪಾನಾ ತೆಗೆದ. ಲಾರಿಯ ಜೊತೆಗೇ ಬಂದ ಗಿಡ್ಡ ಪಾನಾ. ನಟ್ಟಿಗೆ ಸಿಕ್ಕಿಸಿ ಕೈಯಲ್ಲಿ ಒತ್ತಿದ, ಆಮೇಲೆ ಕಾಲಿಟ್ಟು ಒತ್ತಿದ. ತುಕ್ಕು ಹಿಡಿದ ನಟ್ಟು ಜಗ್ಗಲಿಲ್ಲ.

"ಪಾನಾ ಗಿಡ್ಡ ಆಯ್ತಾ, ಡ್ರೈವರ್ ಗಿಡ್ಡ ಆದ್ನಾ?" ಎಂದ ಕ್ಲೀನರ್ ತಿಮ್ಮ. ಮನ್ಮನೆ ಊರಿನವನು, ಬಸಪ್ಪನಷ್ಟೇ ವಯಸ್ಸು. ಜಗಲಿಯ ಮೇಲೆ ಆಗಲೇ ಊಟಕ್ಕೆ ಕೂತಿದ್ದ.

"ನೀ ಉಣ್ಣು. ಬಾಯಿ ಖಾಲಿ ಇಡಬ್ಯಾಡ," ಎಂದು ಬಸಪ್ಪ ಒಂದು ಕಬ್ಬಿಣದ ಪೈಪು ತಂದು ಪಾನಾದ ಹಿಡಿಗೆ ತೂರಿಸಿದ.

"ಮೊದಲು ಗಾಲಿ ಎತ್ತೋದಲ್ಲೇನೋ?" ಎಂದ ಚನ್ನಯ್ಯ.

"ಎತ್ತಿದ್ರ ನಟ್ಟಿನ ಜೋಡಿ ಗಾಲೀನೂ ತಿರಗತದ ಅಪ್ಪಾ. ನೆಲದ ಮ್ಯಾಲಿದ್ದಾಗನ ಸಡ್ಲ ಮಾಡಬೇಕು."

"ಮತ್ತ ಆ ಕಡಿಗ್ಯಾಕ ತಿರುವತಿ?"

"ಎಡಗಡಿ ಗಾಲೀದು ಉಲ್ಟಾ. ಓಡೋವಾಗ ತಾನ ಬಿಚ್ಚಿಕೋಬಾರದು ಅಂತ ಹಂಗ ಮಾಡ್ಯಾರ."

ಪೈಪಿನ ಉದ್ದಕ್ಕೆ ನಟ್ಟು 'ಟಪ್' ಎಂದು ಸದ್ದು ಮಾಡಿ ಸಡಿಲಿತು. ಒಂದೊಂದನ್ನೂ ಹಾಗೆಯೇ ಸಡಿಲಿಸಿ, ಜಾಕ್ ಕೊಟ್ಟು ಎತ್ತಿ, ಗಾಲಿ ಕಳಚಿಟ್ಟು, ಬಸಪ್ಪ ಕೈ ತೊಳೆಯಲು ಹೋದ. ತಾಯಿ ಪಾರ್ವತವ್ವ ರೊಟ್ಟಿ ಆರುತ್ತದೆ ಎಂದು ಮಗನನ್ನು ಎರಡು ಸಲ ಕೂಗಿದ್ದಳು.

ಗಾಲಿಯ ಹತ್ತಿರ ಚನ್ನಯ್ಯ ಒಬ್ಬನೇ ಉಳಿದ. ಗಾಲಿ ಕೂರುವ ಜಾಗ ಕೆಂಪಗೆ ಒಣಗಿತ್ತು. ಬೋಲ್ಟುಗಳ ಮೇಲೆ ತುಕ್ಕು ಪುಡಿಪುಡಿಯಾಗಿ ನಿಂತಿತ್ತು. ಅವನಿಗೆ ಅದನ್ನು ನೋಡಲಾಗಲಿಲ್ಲ. ಒಳಗಿಂದ ಗೊಟ್ಟ ತಂದು, ಬೆರಳಿನಿಂದ ಕೀಲೆಣ್ಣೆ ತೆಗೆದು, ಒಂದೊಂದು ಬೋಲ್ಟಿಗೂ ಬುಡದ ತನಕ ಮೆತ್ತಿದ. ಗಾಲಿ ಕೂರುವ ಜಾಗಕ್ಕೂ ಸವರಿದ. ಬಹಳ ದಿನದ ಮೇಲೆ ಅವನ ಕೈಗೆ ಅವನ ಕೆಲಸ ಸಿಕ್ಕಿತ್ತು.

ಬಸಪ್ಪ ಉಂಡು ಬಂದು ಕೂತ. ಬೋಲ್ಟು ನೋಡಿದ. ಅಪ್ಪನ ಬೆರಳು ನೋಡಿದ. ಜಾಕಿನ ಪಕ್ಕ ಗೋಣಿಯ ತುಂಡೊಂದು ಬಿದ್ದಿತ್ತು. ಅವನ ಕೈ ಅದರ ಕಡೆ ಹೋಗಿ ಅರ್ಧಕ್ಕೆ ನಿಂತಿತು.

"ಚೊಲೊ ಆತಿಲ್ಲೋ?" ಎಂದ ಚನ್ನಯ್ಯ.

"ಆತಪ್ಪಾ," ಎಂದ ಬಸಪ್ಪ.

ಬೇರೆ ಗಾಲಿ ಏರಿಸಿದ. ನಟ್ಟುಗಳು ಬೆರಳಿಗೇ ನುಣ್ಣಗೆ ತಿರುಗಿ ಕೂತವು. ಜಾಕ್ ಇಳಿಸಿ ಗಿಡ್ಡ ಪಾನಾದಿಂದ, ಒಂದಾದ ಮೇಲೆ ಅದರ ಎದುರಿನದು ಎಂದು ಬಿಗಿಯುತ್ತ ಬಂದ. ಕಡೆಗೊಮ್ಮೆ ಎಲ್ಲದರ ಮೇಲೂ ಕಾಲಿಟ್ಟು ಒತ್ತಿ ನೋಡಿ, ಪಾನಾ ತೆಗೆದ.

"ಬಿಚ್ಚಾಕ ಅಷ್ಟುದ್ದದ ಪೈಪು ಬೇಕಾತು. ಕಟ್ಟಾಕ ಬ್ಯಾಡೇನು?" ಎಂದ ಚನ್ನಯ್ಯ.

"ಬಿಗಿಯಾಕ ಇಷ್ಟ ಸಾಕು."

"ಭತ್ತ ತುಂಬೀದಿ. ಹಾಕು, ಎಳಿ."

ಬಸಪ್ಪ ಪೈಪು ತೂರಿಸಿ ಎಳೆದ. ನಟ್ಟು ಇನ್ನೂ ತಿರುಗಿತು. ಪಕ್ಕದ ಮನೆಯ ಮುರಿಗೆವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ನೋಡು, ಇನ್ನೂ ಬರ್ತದ. ಇನ್ನೊಂದು ಎಳಿ," ಎಂದ ಚನ್ನಯ್ಯ, ಅವಳಿಗೂ ಕೇಳಿಸುವ ಹಾಗೆ.

ಮರುದಿನ ಬೆಳಿಗ್ಗೆ ಶಿರಸಿಯಿಂದ ಬಂದ ಬಸ್ಸಿನ ಕಂಡಕ್ಟರ್ ಸುದ್ದಿ ತಂದ. ಸಿದ್ದಾಪುರದ ದಾರಿಯಲ್ಲಿ ಕಾನಸೂರು ದಾಟುವ ಮೊದಲೇ ಎಡಗಡೆಯ ಗಾಲಿ ಕಳಚಿ ಲಾರಿ ಗಟಾರಕ್ಕೆ ವಾಲಿದೆ. ಬಸಪ್ಪನಿಗೆ ಹಣೆಗೆ ಸಣ್ಣ ಗಾಯ, ಅಷ್ಟೇ. ಮೂಟೆಗಳ ಮೇಲೆ ಕೂತಿದ್ದ ತಿಮ್ಮ ಕೆಳಗೆ ಬಿದ್ದು, ಅವನ ಮೇಲೆ ಮೂಟೆ ಬಿದ್ದು, ತೊಡೆ ಮುರಿದಿದೆ. ಪಾರ್ವತವ್ವ ಮಗ ಉಳಿದನೆಂದು ದೇವರಿಗೆ ಕೈ ಮುಗಿದಳು. ಚನ್ನಯ್ಯನೂ ಮುಗಿದ. ಮುಗಿದ ಕೈಯ ಉಗುರಿನ ಸಂದಿಯಲ್ಲಿ ಕಪ್ಪು ಇನ್ನೂ ಹಾಗೇ ಇತ್ತು.

ಅದೇ ಬಸ್ಸಿಗೆ ಅವನು ಶಿರಸಿಗೆ ಹೋದ. ಲಾರಿಯನ್ನು ಎಳೆದು ತಂದು ಮಂಜ ಮೇಸ್ತ್ರಿಯ ಗ್ಯಾರೇಜಿನ ಮುಂದೆ ನಿಲ್ಲಿಸಿದ್ದರು. ಹೆಗಡೆಯವರು ಕೊಡೆ ಊರಿಕೊಂಡು ನಿಂತಿದ್ದರು. ಬಸಪ್ಪ ಅವರಿಂದ ದೂರ, ಹಣೆಗೆ ಬಟ್ಟೆ ಕಟ್ಟಿಕೊಂಡು, ಕೈ ಕಟ್ಟಿ ನಿಂತಿದ್ದ.

"ನಟ್ಟು ಬಿಗಿದಿದ್ನಿಲ್ಲೆ ಇವ," ಎಂದರು ಹೆಗಡೆಯವರು.

"ಬಿಗಿದಿದ್ದು ಹೆಚ್ಚಾಗಿದೆ ಹೆಗ್ಡೇರೇ," ಎಂದ ಮಂಜ. ಮುರಿದ ಬೋಲ್ಟಿನ ತುಂಡನ್ನು ಅಂಗೈಯಲ್ಲಿಟ್ಟು ತೋರಿಸಿದ. "ಕುತ್ತಿಗೆ ಸಣ್ಣ ಆಗಿ ತುಂಡಾಗಿದೆ ನೋಡಿ. ಎಣ್ಣೆ ಮೆತ್ತಿ ಪೈಪು ಹಾಕಿ ಎಳ್ದಿದಾರೆ. ಬೋಲ್ಟು ಒಣಗಿದ್ರೆ ಬಿಗಿ ಕೈಗೆ ಗೊತ್ತಾಗ್ತದೆ. ಎಣ್ಣೆ ಇದ್ರೆ ನಟ್ಟು ಓಡ್ತಾನೇ ಇರ್ತದೆ, ಬೋಲ್ಟು ಹಿಗ್ತಾ ಹೋಗ್ತದೆ. ನಾಕು ತುಂಡಾದ ಮೇಲೆ ಉಳಿದದ್ದು ತಡೀತದಾ?"

"ಎಣ್ಣೆ ಯಾರು ಹಚ್ಚಿದ್ದು?"

"ನಾನ ಹಚ್ಚಿದೆ ರೀ," ಎಂದ ಬಸಪ್ಪ.

ಚನ್ನಯ್ಯ ಬಾಯಿ ತೆರೆದ. ಗ್ಯಾರೇಜಿನಲ್ಲಿ ಏಳೆಂಟು ಜನ ಇದ್ದರು. ಇಬ್ಬರು ಬನವಾಸಿಯ ಕಡೆಯವರು. ಅವನು ಬೆರಳುಗಳನ್ನು ಧೋತರದ ಮಡಿಕೆಯೊಳಗೆ ಸೇರಿಸಿಕೊಂಡ.

"ಗಾಡಿ ಹೊಡೆಯವ್ರ ಮನೆ ಬುದ್ಧಿ," ಎಂದರು ಹೆಗಡೆಯವರು. "ಕೀಲಿಕೈ ಕೊಟ್ಟು ಹೋಗು. ಎತ್ತು ಕಟ್ಟು, ಎಷ್ಟು ಬೇಕೋ ಅಷ್ಟು ಎಣ್ಣೆ ಹಚ್ಚು."

ಬಸಪ್ಪ ಕೀಲಿಕೈ ಕೊಟ್ಟ. ಹೋಗುವಾಗ ಅಪ್ಪನ ಪಕ್ಕವೇ ಹಾದ. "ಬಾ, ಬಸ್ಸಿಗೆ ಹೊತ್ತಾತು," ಎಂದ, ಅಷ್ಟೇ.

ಚನ್ನಯ್ಯ ಬಸ್ಸಿಗೆ ಹೋಗಲಿಲ್ಲ. ತಿಮ್ಮನನ್ನು ನೋಡಿ ಬರುತ್ತೇನೆ ಎಂದು ಆಸ್ಪತ್ರೆಗೆ ಹೋದ. ತಿಮ್ಮನ ಕಾಲಿಗೆ ಸೊಂಟದ ತನಕ ಪಟ್ಟಿ ಹಾಕಿದ್ದರು. ಅವನ ಹೆಂಡತಿ ತಿಮ್ಮಿ ಗಂಜಿ ಕುಡಿಸುತ್ತಿದ್ದವಳು ಎದ್ದು, ಅಜ್ಜ ಕೂರಲಿ ಎಂದು ಸ್ಟೂಲು ಕೊಟ್ಟು ನೀರು ತರಲು ಹೋದಳು. ಅದು ಚನ್ನಯ್ಯನಿಗೆ ಬೈಗುಳಕ್ಕಿಂತ ಕಷ್ಟವಾಯಿತು. ಅವನು ಕೂರಲಿಲ್ಲ.

"ಮೂಟೆ ಮೇಲೆ ಕೂತ್ರೆ ಎಲ್ಲ ಕಾಣ್ತದೆ ಅಜ್ಜ," ಎಂದ ತಿಮ್ಮ. "ನಾ ಉಂಡು ಮೇಲೆ ಹತ್ತಿ ಹಗ್ಗ ಬಿಗೀತಾ ಇದ್ದೆ. ನೀವು ಮೆತ್ತೂದು ನೋಡಿ ನಮ್ಮ ಲಾರಿಗೆ ಬಾಳ ಉಪಚಾರ ಆಗ್ತಾ ಇದೆ ಅಂದ್ಕೊಂಡೆ."

"ಹೆಗಡೇರ ಮುಂದ ಹೇಳಲಿಲ್ಲ ಯಾಕ?"

"ಬಸಣ್ಣ ಬೇಡ ಅಂದ. ಊರಲ್ಲಿ ಅಪ್ಪಂಗಿರೂದು ಅದೊಂದು ಹೆಸರು, ಗಾಲಿ ವಿಷಯಕ್ಕೆ. ಅದೂ ಹೋದ್ರೆ ಎಂತ ಉಳೀತದೆ ಅಂದ."

ಚನ್ನಯ್ಯ ಪಟ್ಟಿ ಕಟ್ಟಿದ ಕಾಲನ್ನು ನೋಡುತ್ತ ನಿಂತ. ಮುಟ್ಟಲು ಕೈ ಚಾಚಿ, ಕೈ ನೋಡಿ, ಹಿಂದೆ ತೆಗೆದುಕೊಂಡ.

ಹೆಗಡೆಯವರು ಅಡಿಕೆ ವಖಾರಿಯಲ್ಲಿ ಎಲೆಯಡಿಕೆಯ ಕವಳ ಹಾಕುತ್ತ ಕೂತಿದ್ದರು. ಚನ್ನಯ್ಯ ಮೆಟ್ಟಿಲ ಕೆಳಗೇ ನಿಂತು ಹೇಳಿದ. "ಎಣ್ಣಿ ಹಚ್ಚಿದಂವ ನಾನು ರೀ. ಪೈಪು ಹಾಕು ಅಂದಂವನೂ ನಾನ. ಹುಡುಗ ಬ್ಯಾಡ ಅಂದಿದ್ದ."

ಹೆಗಡೆಯವರು ಎದ್ದು ಕವಳ ಉಗಿದು ಬಂದರು. "ಆಗ್ಲಿ, ಹಚ್ಚಿದ್ದು ನೀವೇ. ಅವಂಗೆ ಕಣ್ಣಿರ್ಲಿಲ್ಲವಾ? ಒರೆಸ್ಲಿಕ್ಕೆ ಎಂತಾಗಿತ್ತು?"

"ನಾನು ಅಲ್ಲೇ ನಿಂತಿದ್ದೆ ರೀ."

ಹೆಗಡೆಯವರಿಗೆ ಆ ಉತ್ತರ ಅರ್ಥವಾಯಿತು. ಅದರಿಂದ ಸಿಟ್ಟು ಇಳಿಯಲಿಲ್ಲ. "ಹಂಗಾದ್ರೆ ಇನ್ನೂ ಕಷ್ಟ ಆಯ್ತು ಮಾರಾಯ್ರೇ. ಗೊತ್ತಿಲ್ಲದೆ ಮಾಡಿದ್ದು ಅಂದ್ರೆ ಕಲಿಸ್ಬಹುದು. ಗೊತ್ತಿದ್ದೂ ಅಪ್ಪನ ಮುಖ ನೋಡಿ ನಟ್ಟು ಬಿಗಿಯವನ ಕೈಗೆ ಲಾರಿ ಹ್ಯಾಂಗೆ ಕೊಡೂದು?"

ಮಗನನ್ನು ಬಿಡಿಸಲು ಬಂದವನು ಅವನನ್ನು ಇನ್ನೂ ಒಳಕ್ಕೆ ತಳ್ಳಿದ್ದ. ಚನ್ನಯ್ಯ ಮೆಟ್ಟಿಲು ಹಿಡಿದು ಕೂತ.

ಹೆಗಡೆಯವರು ಕವಳದ ತಟ್ಟೆ ಪಕ್ಕಕ್ಕೆ ಸರಿಸಿ ಅಂದರು. "ನಾ ಈಗ ಎಂತದೂ ಹೇಳೂದಿಲ್ಲ. ಬಿದ್ದವ ತಿಮ್ಮ. ಅವ ಎದ್ದ ಮೇಲೆ ಅವನ್ನೇ ಕೇಳ್ತೆ, ಬಸಪ್ಪನ ಲಾರಿ ಹತ್ತತ್ಯನಾ ಅಂತ."

ಯುಗಾದಿ ಕಳೆದು ತಿಮ್ಮ ಕೋಲು ಹಿಡಿದು ನಡೆಯುವಂತಾದ. ಒಂದು ಕಾಲು ಗಿಡ್ಡವಾಗಿತ್ತು. ಲಾರಿಯ ರಿಪೇರಿ ಮುಗಿದು ಎಡಗಡೆಯ ಗಾಲಿ ಹಾಕುವುದಷ್ಟೇ ಬಾಕಿ ಇತ್ತು. ಗ್ಯಾರೇಜಿನಲ್ಲಿ ಬಸಪ್ಪ, ಚನ್ನಯ್ಯ ಎಲ್ಲರ ಮುಂದೆ ಹೆಗಡೆಯವರು ಕೇಳಿದರು.

"ಮೂಟೆ ಮೇಲೆ ಹತ್ತೂ ಕಾಲಲ್ಲ ಒಡೆಯಾ ಇದು," ಎಂದ ತಿಮ್ಮ. "ಡ್ರೈವರ್ ಪಕ್ಕ ಕೂರ್ಸಿದ್ರೆ ಕೂರ್ತೆ. ಆದ್ರೆ ಆ ಗಾಲಿ ಬಸಣ್ಣ ಇವತ್ತು ಹಾಕ್ಲಿ. ಅಜ್ಜನ ಎದುರಿಗೇ ಹಾಕ್ಲಿ."

ಹೊಸ ಬೋಲ್ಟುಗಳಿಗೆ ಅಂಗಡಿಯ ಎಣ್ಣೆ ಅಂಟಿಕೊಂಡಿತ್ತು. ಬಸಪ್ಪ ಒರೆಸಲು ಸುತ್ತಮುತ್ತ ಬಟ್ಟೆ ಹುಡುಕಿದ. ಚನ್ನಯ್ಯ ತಲೆಯ ರುಮಾಲು ಬಿಚ್ಚಿ ಮುಂದೆ ಹಿಡಿದ. ಬಸಪ್ಪ ತೆಗೆದುಕೊಳ್ಳಲಿಲ್ಲ.

"ಒರಸು," ಎಂದ ಚನ್ನಯ್ಯ. "ನಾ ನೋಡ್ತೀನಿ."

ಬಸಪ್ಪ ಒರೆಸಿದ. ಒಂದೊಂದು ಬೋಲ್ಟನ್ನೂ ಬುಡದ ತನಕ, ರುಮಾಲು ತಿರುಗಿಸಿ ತಿರುಗಿಸಿ ಒರೆಸಿದ. ಗಾಲಿ ಏರಿಸಿ ಗಿಡ್ಡ ಪಾನಾದಿಂದ ಬಿಗಿದ. ಪೈಪು ಗೋಡೆಗೆ ಒರಗಿಯೇ ಇತ್ತು. ಇಂದು ಸಿದ್ದಾಪುರಕ್ಕೆ ಹೋಗಿ ಬಂದು ಮತ್ತೊಮ್ಮೆ ಒತ್ತಿ ನೋಡಬೇಕು ಎಂದು ಮಂಜ ಹೇಳಿದ್ದಕ್ಕೆ ತಲೆ ಆಡಿಸಿದ. ಹೆಗಡೆಯವರು ಕೀಲಿಕೈಯನ್ನು ಸೀಟಿನ ಮೇಲೆ ಇಟ್ಟು, ಯಾರನ್ನೂ ನೋಡದೆ ವಖಾರಿಯ ಕಡೆ ಹೋದರು.

ಲಾರಿಯ ಮೆಟ್ಟಿಲು ಎತ್ತರದಲ್ಲಿತ್ತು. ತಿಮ್ಮ ಕೋಲನ್ನು ಒಳಗೆ ಎಸೆದು ಸುತ್ತ ನೋಡಿದ. ಚನ್ನಯ್ಯ ಹೋಗಿ ಹೆಗಲು ಕೊಟ್ಟ.

"ಭಾರ ಆಗ್ತದೆ ಅಜ್ಜ."

"ಆಗಲಿ."

ತಿಮ್ಮ ಮೈಯ ಭಾರವನ್ನೆಲ್ಲ ಆ ಹೆಗಲ ಮೇಲೆ ಹಾಕಿದ. ಗಿಡ್ಡವಾದ ಕಾಲು ಮೆಟ್ಟಿಲಿಗೆ ಎಟುಕಲು ಬಹಳ ಹೊತ್ತು ಹಿಡಿಯಿತು. ಅಲ್ಲಿಯ ತನಕ ಚನ್ನಯ್ಯ ಅಲ್ಲಾಡದೆ ನಿಂತಿದ್ದ.